ಫರೀದಾಬಾದಿನಲ್ಲಿ ಒಂದು ವ್ಯಾನಿನ ಕೆಳಗೆ

ದೆಹಲಿಗೆ ಹೋಗಿ ಬಂದವರು ಕೋಟೆ ನೋಡಿದೆವು, ಮಿನಾರು ನೋಡಿದೆವು ಎನ್ನುತ್ತಾರೆ. ನಾನು ನೋಡಿದ್ದು ಒಂದು ವ್ಯಾನಿನ ಅಡಿಭಾಗ. ಫರೀದಾಬಾದಿನಲ್ಲಿ ಅಕ್ಕನ ಮನೆಯ ಮುಂದೆ, ಚಳಿಗೆ ಕಬ್ಬಿಣದಂತಾದ ಸಿಮೆಂಟಿನ ಮೇಲೆ ಬೆನ್ನು ಹಾಕಿ ಮಲಗಿ, ಅದನ್ನು ಬೇಕಾದಷ್ಟು ನೋಡಿದ್ದೇನೆ. ಹಿರಿಯೂರಿನಲ್ಲಿ ಸಿಕ್ಕಿದವರೆಲ್ಲ "ಏನ್ ತಿಪ್ಪೇಶಣ್ಣ, ಡೆಲ್ಲಿ ಹೆಂಗಿತ್ತು?" ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವಷ್ಟು ತ್ರಾಣ ನನಗಿಲ್ಲ. ಅದಕ್ಕೆ ಒಂದೇ ಸಲ ಬರೆದು ಮುಗಿಸುತ್ತಿದ್ದೇನೆ.

ಹೋದ ಕಾರಣ ಮೊದಲು ಹೇಳಿಬಿಡುತ್ತೇನೆ. ನನ್ನ ಅಕ್ಕ ಗಿರಿಜಾಳ ಗಂಡ, ಅಂದರೆ ನನ್ನ ಭಾವ, ಫರೀದಾಬಾದಿನ ಒಂದು ಕಾರ್ಖಾನೆಯಲ್ಲಿ ಲೇಥ್ ಕೆಲಸದಲ್ಲಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಒಂದು ವ್ಯಾನು ತೆಗೆದುಕೊಂಡು ಶಾಲೆಯ ಮಕ್ಕಳನ್ನು ಬಿಟ್ಟು ಬರುವ ಕೆಲಸ ಹಿಡಿದರು. ಬಿಡುವಿದ್ದಾಗ ಅಲ್ಲಿರುವ ನಮ್ಮ ಕಡೆಯವರನ್ನು ಸ್ಟೇಷನ್ನಿಗೋ ಏರ್‌ಪೋರ್ಟಿಗೋ ಮುಟ್ಟಿಸುತ್ತಿದ್ದರು. ಆ ವ್ಯಾನಿಗೆ ಹದಿನೈದು ವರ್ಷ ತುಂಬುತ್ತಿತ್ತು. ದೆಹಲಿಯ ಸುತ್ತಮುತ್ತ ಪೆಟ್ರೋಲ್ ಗಾಡಿಗೆ ಅಷ್ಟೇ ಆಯುಸ್ಸು. ಅವಧಿ ಮುಗಿಯುವ ಮೊದಲು ದೂರದ ಬೇರೆ ರಾಜ್ಯಕ್ಕೆ ಕಳಿಸಬೇಕು, ಇಲ್ಲದಿದ್ದರೆ ಗುಜರಿಗೆ ಹಾಕಬೇಕು. ಭಾವ ತಾವಾಗಿಯೇ ಫೋನ್ ಮಾಡಿದರು. "ನೀನೇ ಬಂದು ತಗೊಂಡು ಹೋಗು ತಿಪ್ಪೇಶ. ಗುಜರಿಯೋನು ಅದರ ಹೊಟ್ಟೆ ಬಗೆಯೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ" ಎಂದರು.

ನನಗೂ ಅದು ಬೇಕಾಗಿತ್ತು. ಹೈವೇ ಪಕ್ಕದಲ್ಲಿ ಗ್ಯಾರೇಜು ಇಟ್ಟುಕೊಂಡವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದ ಮೇಲೆ ಯಾರ ಮುಂದೆಯೂ ಕೈ ಚಾಚಿಲ್ಲ. ಆದರೆ ರಸ್ತೆಯಲ್ಲಿ ಗಾಡಿ ಕೆಟ್ಟು ಯಾರಾದರೂ ಫೋನ್ ಮಾಡಿದರೆ ಇಂದಿಗೂ ಸ್ಕೂಟರಿನ ಮುಂದೆ ಜಾಕಿ ಇಟ್ಟುಕೊಂಡೇ ಹೋಗಬೇಕು. ಒಂದು ವ್ಯಾನಿದ್ದರೆ ಕೆಲಸದ ರೀತಿಯೇ ಬೇರೆ. "ಬರೋವಾಗ ಓಡಿಸ್ಕೊಂಡೇ ಬರ್ತೀನಿ" ಎಂದು ಹೆಂಡತಿಗೆ, ಪಂಕ್ಚರ್ ಅಂಗಡಿಯವನಿಗೆ, ಎದುರಿನ ಹೋಟೆಲಿನವರಿಗೆ ಎಲ್ಲರಿಗೂ ಹೇಳಿ ರೈಲು ಹತ್ತಿದೆ. ಹಾಗೆ ಹೇಳಿಕೊಂಡು ತಿರುಗಬಾರದಿತ್ತು.

ನಿಜಾಮುದ್ದೀನ್ ಸ್ಟೇಷನ್

ರೈಲು ಇಳಿದಾಗ ಮಂಜು. ನಮ್ಮ ಮಾರಿಕಣಿವೆ ಕಡೆ ಬೆಳಗ್ಗೆ ಕಾಣುವ ಬಿಳಿ ಮಂಜಲ್ಲ. ಇದಕ್ಕೆ ಬಣ್ಣವಿತ್ತು, ವಾಸನೆಯಿತ್ತು, ರುಚಿಯೂ ಇತ್ತು. ತುಕ್ಕು ಹಿಡಿದ ಸೈಲೆನ್ಸರ್ ಬಿಚ್ಚುವಾಗ ಬಾಯಿಗೆ ಬರುತ್ತದಲ್ಲ, ಆ ರುಚಿ. ಜನ ಅದರಲ್ಲೇ ಮಫ್ಲರ್ ಸುತ್ತಿಕೊಂಡು, ಏನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದರು.

ಮೆಟ್ರೋದಲ್ಲಿ ಹೋದರೆ ಸಲೀಸು ಎಂದು ಅಕ್ಕ ಹೇಳಿದ್ದಳು. ಒಳಗೆ ಹೋಗುವ ಮೊದಲು ಚೀಲಗಳನ್ನೆಲ್ಲ ಒಂದು ಮೆಷಿನ್ನಿನೊಳಗೆ ತೂರಿಸುತ್ತಾರೆ. ನನ್ನ ಚೀಲ ಒಳಗೆ ಹೋಯಿತು, ಬೆಲ್ಟು ನಿಂತುಬಿಟ್ಟಿತು. ಕಾವಲಿನವನು ಬಂದು ಜಿಪ್ಪು ಎಳೆದು ಒಂದು ದೊಡ್ಡ ಸ್ಪ್ಯಾನರನ್ನು ಎತ್ತಿ ಹಿಡಿದ. "ಯೇ ಕ್ಯಾ ಹೈ?"

"ನನ್ನ ಕೆಲಸದ್ದು" ಎಂದೆ, ಕನ್ನಡದಲ್ಲೇ. ನನ್ನ ಹಿಂದಿ ಇರುವುದು ಲಾರಿ ಡ್ರೈವರುಗಳ ಜೊತೆ ಮಾತಾಡುವಷ್ಟು. ಅದರಲ್ಲಿ ಬೈಗುಳವೇ ಹೆಚ್ಚು, ಅಲ್ಲಿ ಉಪಯೋಗಕ್ಕೆ ಬರುವಂಥದ್ದಲ್ಲ.

ಅವನು ಇನ್ನೊಂದು ತೆಗೆದ, ಮತ್ತೊಂದು ತೆಗೆದ, ಸುತ್ತಿಗೆ ಬಂದಾಗ ನಕ್ಕುಬಿಟ್ಟ. ಇಷ್ಟುದ್ದದ ಸಾಮಾನು ಒಳಗೆ ಬಿಡುವಂತಿಲ್ಲವಂತೆ. ನಮ್ಮ ಕಡೆ ಬಸ್ಸಿನಲ್ಲಿ ಕುರಿ ಹತ್ತಿಸಿದರೂ ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಾನೆ. ಇಲ್ಲಿ ಸ್ಪ್ಯಾನರಿಗೆ ಪ್ರವೇಶವಿಲ್ಲ. ನನ್ನ ಹಿಂದಿನ ಸಾಲಿನವರು ಬೈಯಲಿಲ್ಲ, ಸುಮ್ಮನೆ ನನ್ನ ಎರಡೂ ಪಕ್ಕದಿಂದ ನುಗ್ಗಿ ಮುಂದೆ ಹೋದರು. ನೆಲದ ಮೇಲೆ ಕೂತು ಸಾಮಾನನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿ ಆಟೋ ಹಿಡಿದೆ. ಆಟೋದ ಎರಡೂ ಬದಿಯಿಂದ ಗಾಳಿ ಬಂದು, ಅಕ್ಕನ ಮನೆ ಮುಟ್ಟುವ ಹೊತ್ತಿಗೆ ಬೆರಳು ಮಡಿಸಲು ಬರುತ್ತಿರಲಿಲ್ಲ.

ಮನೆಯ ಮುಂದೆ

ವ್ಯಾನು ಗೇಟಿನ ಪಕ್ಕ ನಿಂತಿತ್ತು. ಹೊಳೆಯುತ್ತಿತ್ತು. ಹದಿನೈದು ವರ್ಷದ ಗಾಡಿ ಎಂದು ಯಾರೂ ಹೇಳಲಾರರು.

ಅಕ್ಕನ ಮಗಳು ಅನಿತಾ ಗುರುಗ್ರಾಮದ ಒಂದು ಆಫೀಸಿನಲ್ಲಿದ್ದಾಳೆ, ನಾನು ಬರುತ್ತೇನೆಂದು ರಜೆ ಹಾಕಿ ಬಂದಿದ್ದಳು. "ಮಾಮ, ಥಕ್ ಗಯೇ ಹೋಂಗೇ ನಾ? ಫಸ್ಟ್ ಚಾಯ್ ಕುಡೀರಿ" ಎಂದಳು. ದಣಿದಿರಬೇಕಲ್ಲ ಅಂತ. ಆಮೇಲೆ ದನಿ ತಗ್ಗಿಸಿ, "ಪಪ್ಪಾದು ವ್ಯಾನ್ ನಿನ್ನೆಯಿಂದ ಸ್ಟಾರ್ಟೇ ಆಗ್ತಿಲ್ಲ" ಎಂದಳು.

ಭಾವ ಬಿಸಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಡಲೆಕಾಯಿ ಸುಲಿಯುತ್ತಿದ್ದರು. "ಅಚ್ಛಾ, ಬಂದ್ಯಾ? ಅದು ಮುನಿಸ್ಕೊಂಡು ಕೂತಿದೆ ನೋಡಪ್ಪ. ನೀನು ಬರೋ ಸುದ್ದಿ ಯಾರೋ ಅದಕ್ಕೆ ಹೇಳ್ಬಿಟ್ಟಿದ್ದಾರೆ."

"ಮುನಿಸು ಬಿಡಿಸೋದೇ ನನ್ನ ಕಸುಬು ಭಾವ. ನೀವು ಕೂತು ಚಾ ಕುಡೀರಿ" ಎಂದೆ.

ಅಕ್ಕ ಮಾತ್ರ ನೇರವಾಗಿ ಹೇಳಿದಳು. "ತಿಪ್ಪ, ಶನಿವಾರ ಬೆಳಗ್ಗೆ ಗುಜರಿಯೋರು ಬರ್ತಾರೆ. ನಾನೇ ಹೇಳಿಟ್ಟಿದ್ದೀನಿ. ಅಷ್ಟರೊಳಗೆ ಹೊರಟ್ರೆ ನಿನ್ನದು, ಇಲ್ದಿದ್ರೆ ಕೊಕ್ಕೆ ಹಾಕಿ ಎಳ್ಕೊಂಡು ಹೋಗ್ತಾರೆ. ಅವಧಿ ಮುಗಿದ ಗಾಡಿ ಬಾಗಿಲಲ್ಲಿ ನಿಂತಿದ್ರೆ ನಮಗೆ ತಲೆನೋವು." ಆ ದಿನ ಬುಧವಾರ. ಇವರಿಗೇಕೆ ಇಷ್ಟು ಆತುರ, ಮಧ್ಯಾಹ್ನದೊಳಗೆ ಮುಗಿಸುತ್ತೇನೆ ಎಂದುಕೊಂಡೆ.

ಆ ವ್ಯಾನಿನ ಇಂಜಿನ್ ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಸೀಟು ಎತ್ತಿದರೆ ಎಲ್ಲ ಕಾಣುತ್ತದೆ. ಕೀ ತಿರುಗಿಸಿದೆ. ಹಿಂದೆ ಟ್ಯಾಂಕಿನಲ್ಲಿ ಪೆಟ್ರೋಲ್ ಪಂಪು ಸಣ್ಣಗೆ ಗುಂಯ್‌ ಎಂದು ನಿಂತಿತು, ಅದು ಸರಿಯಿದೆ. ಸೆಲ್ಫ್ ಹೊಡೆದೆ. ಇಂಜಿನ್ ಚೆನ್ನಾಗಿ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಇಲ್ಲ, ಪೆಟ್ರೋಲಿನ ಹಸಿಯೂ ಇಲ್ಲ.

ಹಳೆಯ ಕಾರ್ಬುರೇಟರ್ ಗಾಡಿಗಳು ಬಡವರ ಮಕ್ಕಳಿದ್ದಂತೆ, ಎಲ್ಲಿ ನೋವೋ ಅಲ್ಲೇ ಅಳುತ್ತವೆ. ಈ ಇಂಜೆಕ್ಷನ್ ಗಾಡಿಗಳು ಹಾಗಲ್ಲ. ಎಲ್ಲದಕ್ಕೂ ಯಜಮಾನ ಒಂದು ಕಂಪ್ಯೂಟರ್ ಡಬ್ಬಿ. ಇಂಜಿನ್ ತಿರುಗುತ್ತಿದೆ ಎಂದು ಆ ಡಬ್ಬಿಗೆ ಸುದ್ದಿ ಮುಟ್ಟಿಸುವುದು ಬೆರಳು ಗಾತ್ರದ ಒಂದು ಸೆನ್ಸರ್. ಸುದ್ದಿ ಮುಟ್ಟದಿದ್ದರೆ ಡಬ್ಬಿ ಪೆಟ್ರೋಲೂ ಬಿಡುವುದಿಲ್ಲ, ಕಿಡಿಯೂ ಕೊಡುವುದಿಲ್ಲ, ಬಾಯಿ ಮುಚ್ಚಿಕೊಂಡು ಕೂರುತ್ತದೆ. ಆದರೆ ಸೆನ್ಸರಿಗೆ ಹೋಗುವ ಮೊದಲು ಫ್ಯೂಸು, ಬ್ಯಾಟರಿ, ಅರ್ತು ಎಲ್ಲ ನೋಡಿದೆ. ಅಲ್ಲಿನ ಎಲ್ಲ ವ್ಯಾನುಗಳ ಹಾಗೆ ಇದಕ್ಕೂ ಸಿಎನ್‌ಜಿ ಗ್ಯಾಸ್ ಕಿಟ್ ಹಾಕಿಸಿದ್ದರು. ನಮ್ಮ ಕಡೆ ಅಷ್ಟಾಗಿ ಇಲ್ಲದ್ದು. ಅದೇ ಕಳ್ಳ ಇರಬೇಕೆಂದು ಅದರ ವೈರುಗಳನ್ನೆಲ್ಲ ಬಿಡಿಸಿ, ಬೇರೆ ಮಾಡಿ, ಪೆಟ್ರೋಲಿಗೆ ನೇರ ಕೊಟ್ಟೆ. ಸಂಜೆಯಾಯಿತು. ಅದು ಮಾತಾಡಲಿಲ್ಲ.

ಇಷ್ಟರಲ್ಲಿ ಆ ಬೀದಿಯವರೆಲ್ಲ ಬಂದು ಹೋದರು. ಅಲ್ಲಿನ ಜನರ ಒಂದು ಅಭ್ಯಾಸ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ನಮ್ಮಲ್ಲಿ ಯಾರಾದರೂ ಗಾಡಿಯ ಕೆಳಗೆ ಮಲಗಿದ್ದರೆ ನಾಲ್ಕು ಜನ ಕೈ ಹಿಂದೆ ಕಟ್ಟಿಕೊಂಡು ಮಾತಿಲ್ಲದೆ ನಿಲ್ಲುತ್ತಾರೆ. ಕೊನೆಯ ನಟ್ಟು ಬಿಗಿಯುವ ತನಕ ನಿಂತು, "ಆಯ್ತಾ?" ಎಂದು ಕೇಳಿ ಹೋಗುತ್ತಾರೆ. ಇಲ್ಲಿ ನಿಲ್ಲುವುದಿಲ್ಲ. ತೀರ್ಪು ಕೊಟ್ಟು ನಡೆಯುತ್ತಾರೆ. ತರಕಾರಿ ಗಾಡಿಯವನು "ಬ್ಯಾಟರಿ" ಎಂದು ಹೇಳಿ ಗಾಡಿ ತಳ್ಳಿಕೊಂಡು ಹೋದ. ಮಂಗನ ಟೋಪಿ ಹಾಕಿದ್ದ ಹಿರಿಯರೊಬ್ಬರು ಬಗ್ಗಿ, "ಚೂಹಾ" ಎಂದರು. ಚಳಿಗಾಲದಲ್ಲಿ ಇಲಿಗಳು ಇಂಜಿನ್ನಿನ ಬಿಸಿಗೆ ಬಂದು ವೈರು ಕಡಿಯುತ್ತವಂತೆ. ಅದಕ್ಕೆ ಎಲ್ಲರೂ ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುತ್ತಾರಂತೆ. ಗೇಟಿನ ಕಾವಲುಗಾರ ಬಂದು, "ಭಯ್ಯಾ, ಇಸಕೋ ಬೇಚ್ ದೋ" ಎಂದ. ಮಾರಿಬಿಡು ಅಂತ.

"ಏನಂತಾರೆ ಹಿರಿಯೂರಿನ ಡಾಕ್ಟ್ರು?" ಎಂದು ಭಾವ ಕುರ್ಚಿಯಿಂದಲೇ ಕೇಳಿದರು.

"ರೋಗ ಗೊತ್ತಾಗಿದೆ. ಸೆನ್ಸರ್ ಹೋಗಿದೆ" ಎಂದೆ. "ಗ್ಯಾಸ್ ಕಿಟ್ ಬಿಟ್ಟು ಇದಕ್ಕೆ ಬೇರೆ ಏನಾದ್ರೂ ಹಾಕ್ಸಿದ್ದೀರಾ ಭಾವ?"

"ಏನು ಹಾಕಿಸ್ಲಿ? ಕಂಪನಿಯಿಂದ ಹೆಂಗೆ ಬಂತೋ ಹಂಗೇ ಇಟ್ಕೊಂಡಿದ್ದೀನಿ."

ಕೇಳಿದೆ, ಹೇಳಿದರು. ಅಲ್ಲಿಗೆ ಮುಗಿಯಿತು.

ಕಶ್ಮೀರಿ ಗೇಟ್

ಗಾಡಿ ಸಾಮಾನು ಬೇಕೆಂದರೆ ಅಲ್ಲಿಯವರೆಲ್ಲ ತೋರಿಸುವ ದಿಕ್ಕು ಕಶ್ಮೀರಿ ಗೇಟ್. ಗುರುವಾರ ಖಾಲಿ ಕೈಯಲ್ಲಿ ಮೆಟ್ರೋ ಹತ್ತಿದೆ. ಈ ಸಲ ಕಾವಲಿನವನು ನನ್ನನ್ನು ಬಿಟ್ಟ.

ಮೆಟ್ರೋದಲ್ಲಿ ಒಂದು ವಿಷಯ ನೋಡಿದೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಆದರೆ ಒಬ್ಬ ಮುದುಕಿ ಹತ್ತಿದ ಕೂಡಲೇ ಫೋನಿನಿಂದ ಕಣ್ಣು ಎತ್ತದೆಯೇ ಒಬ್ಬ ಹುಡುಗಿ ಎದ್ದು ಜಾಗ ಬಿಟ್ಟಳು. ನಮ್ಮ ಬಸ್ಸಿನಲ್ಲಾದರೆ ಮೊದಲು ಯಾವೂರು, ಯಾರ ಮನೆ ಎಂದೆಲ್ಲ ವಿಚಾರಣೆಯಾಗಿ, ಆಮೇಲೆ ಸೀಟು.

ಮಾರ್ಕೆಟ್ಟಿನ ಗಲ್ಲಿಗಳಲ್ಲಿ ಆಕಾಶ ಕಾಣುವುದಿಲ್ಲ, ವೈರು ಕಾಣುತ್ತದೆ. ಬಾಗಿಲಷ್ಟೇ ಅಗಲದ ಅಂಗಡಿಗಳು. ಒಂದರಲ್ಲಿ ಬರಿಯ ಕನ್ನಡಿ, ಇನ್ನೊಂದರಲ್ಲಿ ಬರಿಯ ಹಾರ್ನು. ಸೆನ್ಸರಿನ ಅಂಗಡಿಯಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಒಬ್ಬರು ಕೂತಿದ್ದರು. ನಾನು ಜೇಬಿನಿಂದ ಹಳೆಯ ಸೆನ್ಸರ್ ತೆಗೆದು ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಗಾಡಿಗೆ ಏನಾಗಿದೆ, ಅದು ಹೇಳು ಎಂದರು. ಅಲ್ಲಿ ವ್ಯಾಪಾರ ಮಾಡುವ ರೀತಿ ಹಾಗೆ, ಮೊದಲು ಕಥೆ ಕೇಳುತ್ತಾರೆ. ನನಗೆ ತಿಳಿದ ಹಿಂದಿಯಲ್ಲಿ ಹೇಳಿದೆ.

"ಚೋರ್ ಸ್ವಿಚ್ ದೇಖಾ?" ಎಂದರು.

ಅದೇನೆಂದು ನನಗೆ ತಿಳಿಯಲಿಲ್ಲ. ಅವರು ಒಂದು ವೈರಿನ ತುಂಡು ತೆಗೆದು, ಮಧ್ಯದಲ್ಲಿ ಮಡಿಸಿ, ಕತ್ತರಿಸುವಂತೆ ಬೆರಳಾಡಿಸಿ ತೋರಿಸಿದರು. ಆ ಕಡೆ ವ್ಯಾನು ನಿಲ್ಲಿಸಿ ಚಾ ಕುಡಿದು ಬರುವಷ್ಟರಲ್ಲಿ ಕದ್ದು ಒಯ್ಯುತ್ತಾರಂತೆ. ಅದಕ್ಕೆ ಮಾಲೀಕರು ಯಾವುದಾದರೂ ಒಂದು ವೈರು ಕತ್ತರಿಸಿ, ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಸಣ್ಣ ಸ್ವಿಚ್ ಕೂರಿಸುತ್ತಾರೆ. ಅದನ್ನು ಆರಿಸಿಟ್ಟರೆ ಗಾಡಿ ಕೆಟ್ಟ ಹಾಗೇ ನಟಿಸುತ್ತದೆ. ಎಲ್ಲಿದೆ ಎಂದು ಮಾಲೀಕನಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಹೆಂಡತಿಗೂ ಹೇಳುವುದಿಲ್ಲ. ನನಗೆ ನಗು ಬಂತು. ನನ್ನ ಗ್ಯಾರೇಜಿನ ಮುಂದೆ ಗಾಡಿಗಳು ಕೀ ಸಮೇತ ನಿಂತಿರುತ್ತವೆ.

ಮಾಲೀಕನನ್ನು ಕೇಳು ಎಂದರು ಅವರು.

"ಕೇಳಿದ್ದೀನಿ. ಮಾಲೀಕ ನನ್ನ ಅಕ್ಕನ ಗಂಡ. ಇಲ್ಲ ಅಂದಿದ್ದಾರೆ" ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ತೋ ಫಿರ್ ಠೀಕ್ ಹೈ", ಹಾಗಾದರೆ ಸರಿ, ಎಂದು ಹೊಸ ಸೆನ್ಸರನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಅವರು ಹಾಗೆ ನೋಡಿದ್ದು ನನಗೆ ಹಿಡಿಸಲಿಲ್ಲ. ನಮ್ಮಲ್ಲಿ ಅಕ್ಕನ ಗಂಡನ ಮಾತನ್ನು ಯಾರೂ ಒರೆಗೆ ಹಚ್ಚುವುದಿಲ್ಲ. ಮದುವೆಯಲ್ಲಿ ನಮ್ಮಪ್ಪ ಅವರ ಕಾಲು ತೊಳೆಯುವಾಗ ಚೊಂಬಿನಿಂದ ನೀರು ಬಿಟ್ಟವನು ನಾನು. ತಮಾಷೆ ಮಾಡಬಹುದು, ಕಾಲೆಳೆಯಬಹುದು, ಭಾವನ ಜೊತೆ ಅದೆಲ್ಲ ಸಲ್ಲುತ್ತದೆ. ಆದರೆ ಅವರು ಇಲ್ಲ ಎಂದ ಮೇಲೆ ಗಾಡಿಯಲ್ಲಿ ಹುಡುಕುವುದೆಂದರೆ ಅವರ ಜೇಬಿಗೆ ಕೈ ಹಾಕಿದ ಹಾಗೆ.

ಮತ್ತೆ ಮನೆಯ ಮುಂದೆ

ಹೊಸ ಸೆನ್ಸರ್ ಕೂರಿಸಿದೆ. ಇಂಜಿನ್ ತಿರುಗಿತು, ಹೊತ್ತಲಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಕೆಳಗೆ ಕಡಲೆಕಾಯಿ ಸಿಪ್ಪೆಯ ಗುಡ್ಡೆ ಬೆಳೆದಿತ್ತು. ನನ್ನ ಬೆರಳಿನ ಗೆಣ್ಣುಗಳು ಚಳಿಗೆ ಒಡೆದು, ಗ್ರೀಸ್ ಒಳಗೆ ಹೋಗಿ ಉರಿಯುತ್ತಿದ್ದವು. ಊರಿನಿಂದ ಹೆಂಡತಿ ಫೋನ್ ಮಾಡಿ, ಹೊರಟಿರಾ ಎಂದು ಕೇಳಿದಳು. ನಾಳೆ ಎಂದೆ.

ಶುಕ್ರವಾರ ಬೆಳಗ್ಗೆ ಚಾ ಕುಡಿಯುತ್ತ, ಹಗುರವಾಗಿ ಬಿಟ್ಟೆ. "ಈ ಕಡೆ ಚೋರ್ ಸ್ವಿಚ್ ಅಂತ ಇರ್ತದಂತಲ್ಲ ಭಾವ."

ಅವರು ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡರು. "ಇರ್ತದೆ, ಇರ್ತದೆ. ಹೊಸ ಗಾಡಿಯೋರು ಹಾಕಿಸ್ತಾರೆ. ಈ ಮುದುಕೀನ ಯಾರು ಹೊತ್ಕೊಂಡು ಹೋಗ್ತಾರೆ ಹೇಳು."

ಮಾತು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ನಾನು ಅಲ್ಲ ಎಂದೇ ತಿಳಿದುಕೊಂಡೆ. ಹಾಗಾದರೆ ಕೆಟ್ಟಿರುವುದು ಡಬ್ಬಿಯೇ. ಅದು ಕೆಟ್ಟರೆ ಶನಿವಾರದೊಳಗೆ ಆಗುವ ಮಾತಲ್ಲ.

ಮಧ್ಯಾಹ್ನ ಅಕ್ಕ ನನಗೆಂದು ಮುದ್ದೆ ಕಟ್ಟಿದ್ದಳು. ರಾಗಿ ಹಿಟ್ಟನ್ನು ಅನಿತಾ ಎಲ್ಲಿಂದಲೋ ತರಿಸಿದ್ದಳಂತೆ. ಸಾರು ಬಡಿಸುತ್ತ ಅಕ್ಕ ಕಿಟಕಿಯಿಂದ ಹೊರಗೆ ನೋಡಿದಳು. ಭಾವ ಬಟ್ಟೆ ಹಿಡಿದು ವ್ಯಾನಿನ ಮುಂದಿನ ಗಾಜು ಒರೆಸುತ್ತಿದ್ದರು. ಓಡದ ಗಾಡಿಯ ಗಾಜು.

"ಇವರು ಈ ಮನೇಲಿ ಎಷ್ಟು ಕೂತಿದ್ದಾರೆ ಅಂದ್ಕೊಂಡಿದ್ದೀಯ ತಿಪ್ಪ?" ಎಂದಳು. "ಬೆಳಗ್ಗೆ ಮಕ್ಕಳನ್ನ ಬಿಟ್ರೆ ಮತ್ತೆ ಬೆಲ್ ಹೊಡೆಯೋ ತನಕ ಸ್ಕೂಲ್ ಮುಂದೆ ಅದರಲ್ಲೇ. ಪೇಪರ್ ಓದೋದು ಅದರಲ್ಲಿ, ಊಟ ಅದರಲ್ಲಿ, ನಿದ್ದೆ ಅದರಲ್ಲಿ. ರಜೆ ದಿನಾನೂ ಹೋಗಿ ಅದರಲ್ಲಿ ಕೂತ್ಕೊಂತಾರೆ. ನಾನು ಮಾತಾಡ್ಬೇಕು ಅಂದ್ರೆ ಹೋಗಿ ಪಕ್ಕದ ಸೀಟಲ್ಲಿ ಕೂರ್ಬೇಕಿತ್ತು. ಈಗ ಅನಿತಾ, ನಮ್ಮ ಜೊತೆ ಗುರುಗ್ರಾಮಕ್ಕೆ ಬನ್ನಿ ಅಂತಾಳೆ. ಹದಿನಾಲ್ಕನೇ ಮಹಡಿ. ಅಲ್ಲಿ ಇವರು ಎಲ್ಲಿ ಕೂರ್ತಾರೋ."

"ಹಂಗಾದ್ರೆ ನನಗ್ಯಾಕೆ ಕೊಡ್ತೀನಿ ಅಂದ್ರು?"

"ಬಾಯಿ ಅಂದುಬಿಡ್ತು" ಎಂದಳು ಅಕ್ಕ.

ಊಟ ಮಾಡಿ ಮತ್ತೆ ಹೋದೆ. ಡಬ್ಬಿಯೇ ಕೆಟ್ಟಿದೆ ಎಂದು ಹೇಳುವ ಮೊದಲು ಸೆನ್ಸರಿನಿಂದ ಡಬ್ಬಿಯವರೆಗೆ ವೈರನ್ನು ಕೈಯಲ್ಲಿ ಹಿಡಿದು ನೋಡಬೇಕು. ಅದು ಕಸುಬಿನ ನಿಯಮ, ಅದರಲ್ಲಿ ಭಾವನನ್ನು ಅನುಮಾನಿಸುವ ಮಾತಿಲ್ಲ. ಭಾವ ಆ ಹೊತ್ತಿನಲ್ಲಿ ಹಾಲು ತರಲು ಹೋಗಿದ್ದರು. ನೆಲದ ಮ್ಯಾಟು ಎತ್ತಿ ವೈರಿನ ಕಟ್ಟಿನ ಮೇಲೆ ಬೆರಳಾಡಿಸುತ್ತ ಹೋದೆ. ಡ್ರೈವರ್ ಸೀಟಿನ ಹತ್ತಿರ ಬೆರಳಿಗೆ ಒಂದು ಗಂಟು ಸಿಕ್ಕಿತು. ಅಚ್ಚುಕಟ್ಟಾಗಿ ಟೇಪು ಸುತ್ತಿದ ಗಂಟು. ಅಲ್ಲಿಂದ ಎರಡು ಹಸಿರು ವೈರು ಹೊರಟು ಬಾಗಿಲ ಪಕ್ಕದ ಕಂಬದೊಳಕ್ಕೆ ಏರಿದ್ದವು. ಸೀಟ್ ಬೆಲ್ಟಿನ ಪ್ಲಾಸ್ಟಿಕ್ ಮುಚ್ಚಳ ತೆಗೆದೆ. ಒಳಗೆ ಉಗುರಿನಷ್ಟು ದೊಡ್ಡ ಸ್ವಿಚ್ಚು. ಸುತ್ತ ವರ್ಷಗಳ ಧೂಳು ಕೂತಿತ್ತು, ಸ್ವಿಚ್ಚಿನ ಮೇಲೆ ಮಾತ್ರ ಧೂಳಿಲ್ಲ.

ಎಷ್ಟು ಒಳ್ಳೆಯ ಕೆಲಸ ಎಂಬುದು ಮೊದಲು ಮನಸ್ಸಿಗೆ ಬಂದದ್ದು. ಬೇರೆಯವರು ಪಂಪಿನ ವೈರಿಗೆ ಹಾಕಿಸುತ್ತಾರೆ. ಕಳ್ಳ ಪಂಪಿಗೆ ನೇರ ಕರೆಂಟು ಕೊಟ್ಟರೆ ಮುಗಿಯಿತು. ಇವರು ಸೆನ್ಸರಿನ ವೈರಿಗೇ ಹಾಕಿಸಿದ್ದರು. ಆಮೇಲೆ ಸಿಟ್ಟು ಬಂತು. ಮೂರು ದಿನ ನನ್ನ ಬೆನ್ನು ಆ ಸಿಮೆಂಟಿನ ಮೇಲಿತ್ತು. ಕುರ್ಚಿಯಿಂದ ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ನಾನು ಮಲಗಿದ್ದೆ, ಅವರು ಕಡಲೆಕಾಯಿ ಸುಲಿಯುತ್ತಿದ್ದರು.

ಒಂದು ಬೆರಳು ಒತ್ತಿದ್ದರೆ ಗಾಡಿ ಹೊತ್ತಿಕೊಳ್ಳುತ್ತಿತ್ತು. ಅಕ್ಕ ಹೊರಗೆ ಬರುತ್ತಿದ್ದಳು, ಅನಿತಾ ಬರುತ್ತಿದ್ದಳು, ಕಾವಲುಗಾರ, ಮಂಗನ ಟೋಪಿಯ ಹಿರಿಯರು ಎಲ್ಲ ಬರುತ್ತಿದ್ದರು. ಏನಾಗಿತ್ತು ಎಂದು ಕೇಳುತ್ತಿದ್ದರು. ನಾನು ಸ್ವಿಚ್ಚು ತೋರಿಸುತ್ತಿದ್ದೆ. ಅಷ್ಟರಲ್ಲಿ ಭಾವ ಹಾಲಿನ ಪ್ಯಾಕೆಟ್ ಹಿಡಿದು ಗೇಟಿನೊಳಗೆ ಕಾಲಿಡುತ್ತಿದ್ದರು.

ತುಂಬ ದಣಿದಿದ್ದೆ. ಅದಕ್ಕೇ ಇರಬೇಕು, ಆ ಕೊನೆಯದೊಂದು ನನಗೆ ನೋಡಲು ಬೇಡವಾಯಿತು. ಮುಚ್ಚಳ ಒತ್ತಿ ಕೂರಿಸಿದೆ, ಮ್ಯಾಟು ಹಾಸಿದೆ.

ಭಾವ ಬಂದಾಗ ಕೈಯಲ್ಲಿ ಕೀ ಹಿಡಿದು ನಿಂತಿದ್ದೆ. ಕಾವಲುಗಾರನೂ ಅಲ್ಲೇ ಇದ್ದ. "ಭಾವ, ನನ್ನ ಕೈಲಿ ಆಗ್ಲಿಲ್ಲ" ಎಂದೆ. ಗ್ಯಾರೇಜು ಹಾಕಿದ ಮೇಲೆ ಈ ಮಾತನ್ನು ನಾನು ಯಾರಿಗೂ ಹೇಳಿದವನಲ್ಲ. "ನಾಳೆ ಬೆಳಗ್ಗೆ ಕೊಕ್ಕೆ ಹಾಕ್ಕೊಂಡು ಎಳೀತಾರೆ. ಅದಕ್ಕೆ ಮುಂಚೆ ನೀವೊಂದ್ಸಲ ಕೂತು ನೋಡಿ."

"ನಾನು ನೋಡಿ ಏನ್ ಮಾಡ್ಲಿ? ಮೆಕ್ಯಾನಿಕ್ ನೀನು."

"ನಿಮ್ಮ ಗಾಡಿ."

ಅವರು ಕೀ ತೆಗೆದುಕೊಂಡು ನನ್ನ ಮುಖ ನೋಡಿದರು. ಬಾಗಿಲಿಗೆ ಬಂದು ನಿಂತಿದ್ದ ಅಕ್ಕ ಕಾವಲುಗಾರನಿಗೆ ಹಿಂದಿಯಲ್ಲಿ ಏನೋ ಹೇಳಿದಳು. ಅವನು "ಅರೇ, ಇತನೀ ದೂರ್ ಸೇ ಆಕೇ ಭೀ ನಹೀಂ ಹುವಾ?" ಎಂದ. ಅಷ್ಟು ದೂರದಿಂದ ಬಂದೂ ಆಗಲಿಲ್ಲವೇ ಅಂತ. ಅದು ನನಗೆ ಅರ್ಥವಾಯಿತು. ನಾನು ವ್ಯಾನಿಗೆ ಬೆನ್ನು ಹಾಕಿ ನಲ್ಲಿಯ ಹತ್ತಿರ ಕೂತು, ಸೋಪಿನ ಪುಡಿ ಹಾಕಿಕೊಂಡು ಕೈ ತಿಕ್ಕತೊಡಗಿದೆ. ನೀರು ಮೂಳೆಗೆ ಇಳಿಯುತ್ತಿತ್ತು. ಹಿಂದೆ ಬಾಗಿಲು ಹಾಕಿಕೊಂಡ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಗ್ರೀಸ್ ಎಲ್ಲ ಹೋದ ಮೇಲೂ ತಿಕ್ಕುತ್ತಲೇ ಇದ್ದೆ. ಕೊಕ್ಕೆ ಹಾಕಿ ಎಳೆದುಕೊಂಡೇ ಹೋಗಲಿ ಎಂದು ಅವರು ಇಳಿದು ಬಂದರೆ ನಾನು ಏನೂ ಹೇಳುವಂತಿರಲಿಲ್ಲ.

ಪ್ಲಾಸ್ಟಿಕ್ ಮುಚ್ಚಳದ ಟಕ್ ಸದ್ದು ಕೇಳಿತು. ಪಂಪು ಗುಂಯ್‌ ಎಂದಿತು. ಇಂಜಿನ್ ಮೊದಲ ಹೊಡೆತಕ್ಕೇ ಹೊತ್ತಿಕೊಂಡಿತು.

"ಏನೋ ಸಡಿಲ ಇತ್ತು" ಎಂದರು ಭಾವ, ಕಿಟಕಿಯಿಂದ.

"ಇರ್ತದೆ" ಎಂದೆ.

ಅನಿತಾ "ಪಪ್ಪಾ, ವಾವ್" ಎಂದು ಓಡಿ ಬಂದಳು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಮೂರು ದಿನ ಮೈ ಮುರಿದೋನು ಇವನು, ಹೆಸರು ನಿಮ್ಮದು" ಎಂದಳು. ಭಾವ ನಗಲಿಲ್ಲ. ಇಂಜಿನ್ ಆರಿಸದೆ ಹಾಗೇ ಕೂತಿದ್ದರು. ಅಕ್ಕ ಗುಜರಿಯವರಿಗೆ ಫೋನ್ ಮಾಡಿ ಬರಬೇಡಿ ಎಂದಳು. ನಾನು ಗ್ಯಾಸ್ ಕಿಟ್ಟಿನ ವೈರುಗಳನ್ನು ಮತ್ತೆ ಜೋಡಿಸಿಕೊಟ್ಟೆ.

ಪಲ್ವಲ್

ಮರುದಿನ ನಾನು ಚೀಲ ಇಡಲು ಹೋದಾಗ ಭಾವ ಆಗಲೇ ಸ್ಟಿಯರಿಂಗ್ ಹಿಡಿದು ಕೂತಿದ್ದರು. "ಪಲ್ವಲ್ ತನಕ ನಾನು ಬಿಡ್ತೀನಿ. ಮಂಜು ಇದೆ, ಈ ಕಡೆ ರೋಡು ನಿನಗೆ ಗೊತ್ತಾಗಲ್ಲ." ಪಲ್ವಲ್ ಅಲ್ಲಿಂದ ಮುಂದಿನ ಊರು, ಆ ರಸ್ತೆ ಬೆಟ್ಟು ಮಾಡಿದ ಬೆರಳಿನಷ್ಟು ನೇರ. ಆದರೂ ಆಗಲಿ ಎಂದೆ. ಅಕ್ಕ ರೊಟ್ಟಿ ಕಟ್ಟಿಕೊಟ್ಟಳು.

ದಾರಿಯಲ್ಲಿ ಗ್ಯಾಸ್ ಹಾಕಿಸಲು ನಿಲ್ಲಿಸಿದರು. ಅಲ್ಲಿ ಗ್ಯಾಸ್ ತುಂಬುವಾಗ ಒಳಗೆ ಯಾರೂ ಕೂರುವಂತಿಲ್ಲ. ಮುದುಕರು, ಮಕ್ಕಳು, ಮದುವೆಗೆ ಹೊರಟವರು ಎಲ್ಲರೂ ಇಳಿದು ಸ್ವಲ್ಪ ದೂರ ಹೋಗಿ ನಿಲ್ಲಬೇಕು. ಅಲ್ಲಿಯವರಿಗೆ ಅದು ರೂಢಿಯಾಗಿ ಹೋಗಿದೆ. ಯಾರೂ ಹೇಳದೆ ಇಳಿಯುತ್ತಾರೆ, ಯಾರೂ ಹೇಳದೆ ಹತ್ತುತ್ತಾರೆ. ಭಾವ, ನಾನು ಇಬ್ಬರೂ ಗೋಡೆಯ ಪಕ್ಕ ಕೈ ಉಜ್ಜಿಕೊಳ್ಳುತ್ತ ನಿಂತೆವು.

"ಸೀಟ್ ಬೆಲ್ಟ್ ಹತ್ರ ಒಂದು ಸ್ವಿಚ್ ಇದೆ" ಎಂದರು ಭಾವ, ವ್ಯಾನನ್ನೇ ನೋಡುತ್ತ.

"ಹೂಂ."

"ನೋಡಿದ್ದೀಯ?"

"ನೋಡಿದೆ."

"ಯಾವಾಗ?"

"ನೀವು ಹಾಲು ತರಕ್ಕೆ ಹೋಗಿದ್ರಲ್ಲ, ಆವಾಗ."

ಅವರು ಮಫ್ಲರನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು. "ಅಚ್ಛಾ" ಎಂದರು. ಗ್ಯಾಸ್ ತುಂಬುವವನು ಕೈ ಬೀಸಿದ. ಅವರು ಎರಡು ಹೆಜ್ಜೆ ಇಟ್ಟು ನಿಂತು, "ದಾರೀಲಿ ಎಲ್ಲಾದ್ರೂ ಮಲಗಿದ್ರೆ ಆರಿಸಿ ಮಲಗು. ನಿಮ್ಮೂರಲ್ಲೂ ಆರಿಸಿ ಇಡು. ಎಲ್ಲಿದೆ ಅಂತ ಯಾರಿಗೂ ಹೇಳ್ಬೇಡ" ಎಂದರು.

"ಇಲ್ಲ ಭಾವ" ಎಂದೆ. ಎಲ್ಲಿದೆ ಎಂದು ಇಲ್ಲಿ ಬರೆದುಬಿಟ್ಟಿದ್ದೇನೆ ಎಂದು ಯಾರೂ ಖುಷಿಪಡಬೇಡಿ. ಹಿರಿಯೂರಿಗೆ ಬಂದ ಮೇಲೆ ಅದರ ಜಾಗ ಬದಲಾಯಿಸಿದ್ದೇನೆ.

ಪಲ್ವಲ್ ಬಸ್ ಸ್ಟ್ಯಾಂಡಿನ ಹತ್ತಿರ ರಸ್ತೆ ಬದಿಗೆ ನಿಲ್ಲಿಸಿ ಇಳಿದರು. ಒಂದು ಸುತ್ತು ಬಂದು ನಾಲ್ಕೂ ಚಕ್ರವನ್ನು ಕಾಲಿನಿಂದ ಒತ್ತಿ ನೋಡಿದರು. "ಈ ಬಾಗಿಲನ್ನ ಸ್ವಲ್ಪ ಮೇಲಕ್ಕೆತ್ತಿ ಹಾಕ್ಬೇಕು, ಹೊಡೀಬೇಡ" ಎಂದು ತೋರಿಸಿದರು. ನಾನು ಬಗ್ಗಿ ಕಾಲು ಮುಟ್ಟಿದೆ. "ಆಯ್ತು, ಚಲೋ" ಎಂದರು.

ಡ್ರೈವರ್ ಸೀಟಿನಲ್ಲಿ ಕೂತೆ. ಭಾವ ಎತ್ತರದ ಆಳು. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕೂತು ಅಭ್ಯಾಸ ಅವರಿಗೆ. ನನ್ನ ಕಾಲು ಕ್ಲಚ್ಚಿಗೆ ಸರಿಯಾಗಿ ಎಟುಕಲಿಲ್ಲ. ಕೆಳಗೆ ಕೈ ಹಾಕಿ ಸರಳು ಎತ್ತಿ ಮುಂದಕ್ಕೆ ಎಳೆದುಕೊಂಡರೆ ಆಗುತ್ತಿತ್ತು. ಅವರು ಕಿಟಕಿಯ ಹತ್ತಿರವೇ ನಿಂತಿದ್ದರು. ನಾನು ಬೆನ್ನು ಆನಿಸದೆ, ಸೀಟಿನ ತುದಿಗೆ ಜಾರಿ ಕೂತು, ತುದಿಗಾಲಿನಲ್ಲಿ ಕ್ಲಚ್ಚು ಒತ್ತಿ ಗೇರು ಹಾಕಿದೆ. ಕನ್ನಡಿಯಲ್ಲಿ ಅವರು ಕಾಣುವಷ್ಟು ದೂರ ಹಾಗೆಯೇ ಓಡಿಸಿದೆ. ಮಂಜು ಇದ್ದದ್ದರಿಂದ ಅದು ಬಹಳ ದೂರವಾಗಲಿಲ್ಲ.